ಗೆದ್ದವನ ಪಕ್ಷವೇ ದೇವರ ಪಕ್ಷವೇ?



ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ಗೆ ವಿಮಾನದಲ್ಲಿ ಹೋದವರು ಮೊದಲು ಕಾಲಿಡುವುದು ಚೆಂಗೀಸ್ ಖಾನ್ ವಿಮಾನ ನಿಲ್ದಾಣದಲ್ಲಿ. ಪೇಟೆಯ ಹೊರಗಿನ ಬಯಲಿನಲ್ಲಿ ಕುದುರೆಯೇರಿ ಕುಳಿತ ಅವನ 40 ಮೀಟರ್ ಎತ್ತರದ ಉಕ್ಕಿನ ಪ್ರತಿಮೆಯಿದೆ. ಆ ದೇಶದ ನೋಟುಗಳ ಮೇಲೂ ಅವನದೇ ಮುಖ. ಅಲ್ಲಿಯ ಜನರಿಗೆ ಅವನು ಚದುರಿಹೋಗಿದ್ದ ಕುಲಗಳನ್ನು ಒಂದು ಜನಾಂಗವಾಗಿ ಕಟ್ಟಿದ ಪಿತಾಮಹ. ಪಶ್ಚಿಮಕ್ಕೆ ಬಂದು ತುರ್ಕಮೆನಿಸ್ತಾನದ ಮೆರ್ವ್ ನಗರದ ಹಾಳು ಗೋಡೆಗಳ ನಡುವೆ ನಿಂತರೆ ಅದೇ ಹೆಸರಿಗೆ ಬೇರೆಯೇ ಅರ್ಥ. 1221ರಲ್ಲಿ ಅವನ ಮಗ ತೊಲುಯ್ ಆ ಊರನ್ನು ನೆಲಸಮ ಮಾಡಿದ.

ಎಂಟು ಶತಮಾನಗಳ ಹಿಂದೆ ಆಳಿದ ಆ ದಂಡನಾಯಕನಿಗೂ ನಮ್ಮ ಕುಟುಂಬಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ವಿಶ್ವಾಸದಲ್ಲಿ ನಮ್ಮ ಪೂರ್ವಜರಾದ ಕ್ರೈಸ್ತರು ಅವನ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದರು. ಅದೂ ಒಮ್ಮೆಯಲ್ಲ, ಎರಡು ಮೂರು ಬಾರಿ. ಅವನ ಮೊಮ್ಮಗನೊಬ್ಬ ಅಂದಿನ ಜಗದ್ಗುರುಗಳಿಗೆ ಒಂದು ಪ್ರಶ್ನೆಯನ್ನೂ ಬರೆದು ಕಳುಹಿಸಿದ. ಆ ತಪ್ಪನ್ನೂ ಆ ಪ್ರಶ್ನೆಯನ್ನೂ ಇಂದು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಮನುಷ್ಯನ ಪರಿಚಯ. ಸುಮಾರು 1162ರಲ್ಲಿ ಹುಟ್ಟಿದ ಅವನ ಹೆಸರು ತೆಮುಜಿನ್. ತಂದೆಯನ್ನು ತಾತಾರ್ ಕುಲದವರು ವಿಷವಿಕ್ಕಿ ಕೊಂದರು. ಕುಲದವರು ವಿಧವೆಯನ್ನೂ ಮಕ್ಕಳನ್ನೂ ಹುಲ್ಲುಗಾವಲಿನಲ್ಲಿ ಬಿಟ್ಟು ನಡೆದರು. ತಾಯಿ ಹೋಯೆಲುನ್ ಕಾಡುಹಣ್ಣು, ಗೆಡ್ಡೆಗೆಣಸು ಆರಿಸಿ ಮಕ್ಕಳನ್ನು ಸಾಕಿದಳು. ಹಿಡಿದ ಮೀನು, ಹೊಡೆದ ಹಕ್ಕಿಯ ಮೇಲಿನ ಜಗಳದಲ್ಲಿ ಬಾಲಕ ತೆಮುಜಿನ್ ತನ್ನ ಮಲಸಹೋದರನನ್ನೇ ಬಾಣ ಬಿಟ್ಟು ಕೊಂದ. ಮದುವೆಯಾದ ಮೇಲೆ ಹೆಂಡತಿ ಬೊರ್ತೆಯನ್ನು ವೈರಿಗಳು ಹೊತ್ತೊಯ್ದರು. ಕಾದಾಡಿ ಬಿಡಿಸಿಕೊಂಡು ಬಂದ. 1206ರಲ್ಲಿ ಕುಲಗಳೆಲ್ಲ ಸೇರಿ ಅವನಿಗೆ ಚೆಂಗೀಸ್ ಖಾನ್ ಎಂಬ ಬಿರುದು ಕೊಟ್ಟವು. 1227ರಲ್ಲಿ ದಂಡಯಾತ್ರೆಯ ನಡುವೆಯೇ ಸತ್ತ. ಸಮಾಧಿ ಎಲ್ಲಿದೆಯೆಂದು ಇಂದಿಗೂ ಪತ್ತೆಯಾಗಿಲ್ಲ.

'ಖಾನ್' ಎಂಬುದನ್ನು ಕೇಳಿ ಅವನು ಮುಸ್ಲಿಮನೆಂದು ತಿಳಿದವರು ನಮ್ಮಲ್ಲಿ ಬಹಳ. ಹಾಗಲ್ಲ. ಖಾನ್ ಎಂದರೆ ಆ ಸೀಮೆಯ ಮಾತಿನಲ್ಲಿ ಅರಸ ಎಂದಷ್ಟೇ ಅರ್ಥ. ಅವನು ಪೂಜಿಸಿದ್ದು ತೆಂಗ್ರಿ ಎಂಬ ನೀಲಾಕಾಶವನ್ನು. ಅವನ ಕೈಯಲ್ಲಿ ಅತಿ ಹೆಚ್ಚು ನರಳಿದವರಲ್ಲಿ ಮುಸ್ಲಿಮರೇ ಮುಂದು.

ಅವನ ಕ್ರೌರ್ಯವನ್ನು ಮೃದುಮಾಡಿ ಹೇಳುವುದು ಸರಿಯಲ್ಲ. 1218ರಲ್ಲಿ ಅವನ ಪರವಾಗಿ ವ್ಯಾಪಾರಕ್ಕೆ ಹೋದ ಸುಮಾರು 450 ವರ್ತಕರನ್ನು ಒತ್ರಾರ್ ಎಂಬ ಊರಿನ ಅಧಿಕಾರಿ ಗೂಢಚಾರರೆಂದು ಹೇಳಿ ಕೊಲ್ಲಿಸಿದ. ಅನ್ಯಾಯವೇ ಸರಿ. ಆದರೆ ಅದಕ್ಕೆ ಪ್ರತಿಯಾಗಿ ಚೆಂಗೀಸ್ ಖಾನ್ ಒಂದು ಇಡೀ ರಾಜ್ಯವನ್ನೇ ಅಳಿಸಿದ. 1220ರಲ್ಲಿ ಬುಖಾರಾ ಮತ್ತು ಸಮರ್‌ಕಂದ್, 1221ರಲ್ಲಿ ಗುರ್ಗಂಜ್, ಮೆರ್ವ್, ನಿಶಾಪುರ, ಬಾಮಿಯಾನ್. ಊರಿನ ಜನರನ್ನೆಲ್ಲ ಬಯಲಿಗೆ ಹೊರಡಿಸುವುದು. ಬಡಗಿ, ಕಮ್ಮಾರ, ನೇಕಾರ, ಅಕ್ಕಸಾಲಿಗರನ್ನು ಬೇರೆ ನಿಲ್ಲಿಸಿ ಸಾವಿರಾರು ಮೈಲಿ ದೂರಕ್ಕೆ ಅಟ್ಟುವುದು. ಗಟ್ಟಿಮುಟ್ಟಾದ ಯುವಕರನ್ನು ಮುಂದಿನ ಊರಿನ ಕೋಟೆಯ ಎದುರು ಬಾಣಗಳಿಗೆ ಗುರಾಣಿಯಾಗಿ ನೂಕುವುದು. ಉಳಿದವರನ್ನು ಸೈನಿಕರಿಗೆ ಹಂಚಿ ಕೊಡಲಿಯಿಂದ ಕಡಿಸುವುದು. ಇದೇ ಅವರ ಕ್ರಮ. ನಿಶಾಪುರದ ಕಾಳಗದಲ್ಲಿ ಖಾನನ ಅಳಿಯ ಸತ್ತಿದ್ದ. ಅದಕ್ಕಾಗಿ ಅಲ್ಲಿ ನಾಯಿ ಬೆಕ್ಕುಗಳನ್ನೂ ಉಳಿಸಲಿಲ್ಲವೆಂದು ಪಾರಸಿ ಇತಿಹಾಸಕಾರ ಜುವೈನಿ ಬರೆದಿದ್ದಾನೆ. ಮೆರ್ವ್‌ನಲ್ಲಿ ಸತ್ತವರು 7 ಲಕ್ಷವೆಂದು ಒಬ್ಬ, 13 ಲಕ್ಷವೆಂದು ಇನ್ನೊಬ್ಬ ಬರೆದರು. ಆ ಲೆಕ್ಕಗಳು ಉತ್ಪ್ರೇಕ್ಷೆಯೆಂದು ಇಂದಿನ ವಿದ್ವಾಂಸರ ಅಭಿಪ್ರಾಯ. ಅದರ ಹತ್ತನೆಯ ಒಂದು ಪಾಲು ಎಂದಿಟ್ಟುಕೊಂಡರೂ ನಮ್ಮ ತಾಲ್ಲೂಕು ಕೇಂದ್ರವೊಂದು ಪೂರ್ತಿ ಬರಿದಾದಂತೆ.

ಇದೇ ಕಾಲದಲ್ಲಿ, 1221ರ ಕೊನೆಗೆ, ಸೋತ ರಾಜಕುಮಾರನನ್ನು ಅಟ್ಟಿಸಿಕೊಂಡು ಅವನು ಸಿಂಧೂ ನದಿಯ ದಡದವರೆಗೂ ಬಂದ. ನದಿ ದಾಟಿ ಭಾರತವನ್ನು ಗೆಲ್ಲುವ ಕೆಲಸಕ್ಕೆ ಅವನು ಕೈಹಾಕಲಿಲ್ಲ. ದಾಟಿದ್ದು ಅವನ ಹೆಸರು. ತೈಮೂರ್ ಆ ವಂಶದ ಹೆಣ್ಣನ್ನು ಮದುವೆಯಾಗಿ ಅದನ್ನೇ ತನ್ನ ಅಧಿಕಾರಕ್ಕೆ ಆಧಾರ ಮಾಡಿಕೊಂಡು 1398ರಲ್ಲಿ ದಿಲ್ಲಿಯನ್ನು ಸೂರೆಮಾಡಿದ. ತಂದೆಯ ಕಡೆಯಿಂದ ತೈಮೂರನಿಗೂ ತಾಯಿಯ ಕಡೆಯಿಂದ ಚೆಂಗೀಸನಿಗೂ ಸಂಬಂಧಪಟ್ಟ ಬಾಬರ್ ಇಲ್ಲಿ ರಾಜ್ಯ ಕಟ್ಟಿದ. 'ಮೊಗಲ' ಎಂಬ ಮಾತು ಬಂದಿರುವುದೇ 'ಮಂಗೋಲ'ದಿಂದ. 1686ರಲ್ಲಿ ನಮ್ಮ ವಿಜಾಪುರದ ಆದಿಲಶಾಹಿಯನ್ನು ಮುಗಿಸಿದ ಔರಂಗಜೇಬನೂ ಆ ಬಳ್ಳಿಯ ಕುಡಿಯೇ.

ಈಗ ಅವನ ಪರವಾಗಿ ಹೇಳುವ ಮಾತುಗಳಿಗೆ ಬರೋಣ. ಕುಲ ನೋಡದೆ ಯೋಗ್ಯತೆ ನೋಡಿ ದಳಪತಿಗಳನ್ನು ನೇಮಿಸಿದ. ಬರಹವಿಲ್ಲದ ತನ್ನ ಜನರಿಗೆ ಉಯ್ಗುರರಿಂದ ಲಿಪಿಯನ್ನು ಪಡೆದ. ಅವನ ಕಾಲದಲ್ಲಿ ಆರಂಭವಾಗಿ ಮಗ ಒಗೆದೈಯ ಕಾಲದಲ್ಲಿ ಬೆಳೆದ ಅಂಚೆ ವ್ಯವಸ್ಥೆಯಲ್ಲಿ ದಾರಿಯುದ್ದಕ್ಕೂ ಠಾಣೆಗಳಿದ್ದು, ಕುದುರೆ ಬದಲಿಸುತ್ತ ಸುದ್ದಿ ಒಯ್ಯುತ್ತಿದ್ದರು. ಕ್ರೈಸ್ತ ಗುರುಗಳು, ಬೌದ್ಧ ಭಿಕ್ಷುಗಳು, ಮುಸ್ಲಿಮ್ ಮುಲ್ಲಾಗಳು ಎಲ್ಲರಿಗೂ ತೆರಿಗೆ ಮಾಫಿ. ಬದಲಿಗೆ ಅವರು ಖಾನನ ಆಯುಸ್ಸಿಗಾಗಿ ಪ್ರಾರ್ಥಿಸಬೇಕು. ಇದನ್ನು ಹಿಡಿದು 'ಧರ್ಮಸ್ವಾತಂತ್ರ್ಯದ ಮೊದಲ ಅರಸ' ಎಂದು ಹೊಗಳುವವರುಂಟು. ನನಗೆ ಅದು ಅತಿಯೆನಿಸುತ್ತದೆ. ಶರಣಾದವರು ಯಾವ ದೇವರನ್ನಾದರೂ ಪೂಜಿಸಬಹುದಿತ್ತು, ನಿಜ. ಶರಣಾಗದವರಿಗೆ ಪೂಜಿಸಲು ತಲೆಯೇ ಉಳಿಯುತ್ತಿರಲಿಲ್ಲ.

ಇನ್ನು ನಮ್ಮವರ ತಪ್ಪು. ಆ ಕಾಲದ ಯೂರೋಪಿನಲ್ಲಿ ಪ್ರೆಸ್ಟರ್ ಜಾನ್ ಎಂಬ ಒಂದು ಕಥೆ ಮನೆಮಾತಾಗಿತ್ತು. ದೂರದ ಭಾರತದಲ್ಲಿ ಅರಸನೂ ಗುರುವೂ ಆದ ಒಬ್ಬ ಕ್ರೈಸ್ತನಿದ್ದಾನೆ, ಒಂದು ದಿನ ಅವನು ಅಪಾರ ಸೈನ್ಯದೊಡನೆ ಬಂದು ಮುಸ್ಲಿಮರನ್ನು ಸದೆಬಡಿಯುತ್ತಾನೆ ಎಂಬ ನಂಬಿಕೆ. ಭಾರತದಲ್ಲಿದ್ದ ನಮ್ಮ ಸಂತ ತೋಮರ ಕ್ರೈಸ್ತರಿಗೆ ಇಂಥ ಅರಸನ ಸುದ್ದಿಯೇ ಇರಲಿಲ್ಲ ಅನ್ನಿ! 1221ರಲ್ಲಿ ಶಿಲುಬೆ ಯುದ್ಧದ ಸೈನಿಕರು ಈಜಿಪ್ಟಿನ ದಮಿಯತ್ತಾ ಪಟ್ಟಣವನ್ನು ಹಿಡಿದು ಕುಳಿತಿದ್ದಾಗ ಪೂರ್ವದಿಂದ ಸುದ್ದಿ ಬಂತು: ಭಾರತದ ಅರಸ ದಾವೀದನೆಂಬವನು ಪಾರಸಿ ಸೀಮೆಯ ನಗರಗಳನ್ನೆಲ್ಲ ಗೆದ್ದು ಮುನ್ನುಗ್ಗುತ್ತಿದ್ದಾನೆ. ಆಕ್ರೆಯ ಧರ್ಮಾಧ್ಯಕ್ಷ ಜಾಕ್ ದ ವಿತ್ರಿ ಸಂಭ್ರಮದಿಂದ ಅದನ್ನು ಯೂರೋಪಿಗೆ ಪತ್ರ ಬರೆದು ತಿಳಿಸಿದರು. ಸುಲ್ತಾನನು ಮುಂದಿಟ್ಟ ಸಂಧಿಯನ್ನು ಒಲ್ಲದವರಿಗೆ ಆ ವದಂತಿ ಮತ್ತಷ್ಟು ಹುರುಪು ಕೊಟ್ಟಿತು. ಸೈನ್ಯ ಕೈರೋ ಕಡೆಗೆ ಹೊರಟಿತು, ನೈಲ್ ನದಿಯ ನೆರೆಯಲ್ಲಿ ಸಿಕ್ಕಿಕೊಂಡು ಅದೇ ವರ್ಷ ಶರಣಾಯಿತು. ಇದೇ ಪಾಳೆಯಕ್ಕೆ ಎರಡು ವರ್ಷ ಮೊದಲು ಅಸ್ಸಿಸಿಯ ಸಂತ ಫ್ರಾನ್ಸಿಸರು ಬಂದು, ಆಯುಧವಿಲ್ಲದೆ ವೈರಿಯ ಪಾಳೆಯಕ್ಕೆ ನಡೆದು ಸುಲ್ತಾನನನ್ನು ಕಂಡು ಮಾತಾಡಿದ್ದರು.

ಆ 'ದಾವೀದ ಅರಸ'ನ ವದಂತಿಯ ಹಿಂದೆ ಇದ್ದದ್ದು ಚೆಂಗೀಸ್ ಖಾನನ ದಂಡು. ಬುಖಾರಾದಲ್ಲಿ, ಸಮರ್‌ಕಂದದಲ್ಲಿ ಹೆಂಗಸರು ಮಕ್ಕಳು ಕೂಗಿಕೊಳ್ಳುತ್ತಿದ್ದಾಗ ನಮ್ಮವರು ಸ್ತೋತ್ರ ಹೇಳುತ್ತಿದ್ದರು. ಸತ್ತವರು ನಮ್ಮ ವೈರಿಗಳು, ಆದ್ದರಿಂದ ಕೊಂದವನು ನಮ್ಮವನೇ ಇರಬೇಕು ಎಂಬ ತರ್ಕ. ಆ ದಂಡಿನ ಒಂದು ತುಕಡಿ ಕಾಕಸಸ್ ಬೆಟ್ಟಗಳತ್ತ ಬಂದು ಕ್ರೈಸ್ತ ರಾಜ್ಯವಾದ ಜಾರ್ಜಿಯದ ಸೈನ್ಯವನ್ನೇ ಮುರಿಯಿತು. ಬಂದವರನ್ನು ತಾವು ಕ್ರೈಸ್ತರೆಂದೇ ನಂಬಿದ್ದೆವೆಂದು ಅಲ್ಲಿಯ ರಾಣಿ ರುಸುದಾನ್ ಜಗದ್ಗುರು ಮೂರನೆಯ ಹೊನೋರಿಯಸರಿಗೆ ಬರೆದಳು. ಇಪ್ಪತ್ತು ವರ್ಷಗಳ ಬಳಿಕ, 1241ರ ಏಪ್ರಿಲ್ ತಿಂಗಳಲ್ಲಿ, ಎರಡೇ ದಿನಗಳ ಅಂತರದಲ್ಲಿ ಪೋಲೆಂಡಿನ ಮತ್ತು ಹಂಗೇರಿಯ ಸೈನ್ಯಗಳು ನಾಶವಾದವು. ಹಂಗೇರಿಯ ಇಬ್ಬರು ಮಹಾಧರ್ಮಾಧ್ಯಕ್ಷರು ರಣರಂಗದಲ್ಲೇ ಸತ್ತರು. ಆಗ ಯೂರೋಪು ಎಚ್ಚರಗೊಂಡಿತು.

ಜಗದ್ಗುರು ನಾಲ್ಕನೆಯ ಇನ್ನೊಸೆಂಟರು 1245ರಲ್ಲಿ ಖಾನನ ಬಳಿಗೆ ದೂತರನ್ನು ಅಟ್ಟಿದರು. ಅವರಲ್ಲಿ ಒಬ್ಬರು ಕಾರ್ಪಿನಿಯ ಜಾನ್, ಸಂತ ಫ್ರಾನ್ಸಿಸರ ಆದಿ ಶಿಷ್ಯರಲ್ಲೊಬ್ಬರು. ವಯಸ್ಸು ಅರವತ್ತು ದಾಟಿತ್ತು, ಮೈ ಭಾರವಾಗಿತ್ತು. ದಾರಿಯಲ್ಲಿ ಕೀವ್ ನಗರದ ಸುತ್ತ ತಲೆಬುರುಡೆ, ಎಲುಬುಗಳು ಇನ್ನೂ ಬಿದ್ದಿದ್ದವು. ಆ ದೊಡ್ಡ ಪಟ್ಟಣದಲ್ಲಿ ಇನ್ನೂರು ಮನೆಗಳೂ ಸರಿಯಾಗಿ ಉಳಿದಿರಲಿಲ್ಲ. ತಪಸ್ಸುಕಾಲದಲ್ಲಿ ಅವರಿಗೆ ಸಿಕ್ಕ ಊಟ ಬರಗಿನಂಥ ಧಾನ್ಯವನ್ನು ನೀರು, ಉಪ್ಪು ಹಾಕಿ ಬೇಯಿಸಿದ ಗಂಜಿ. ಕುಡಿಯಲು ಕರಗಿಸಿದ ಹಿಮ. ಕುದುರೆಯ ಮೇಲಿನ ಓಟವನ್ನು ತಾಳಿಕೊಳ್ಳಲು ಮೈಕೈಗೆ ಬಟ್ಟೆ ಬಿಗಿದುಕೊಂಡು, ದಿನಕ್ಕೆ ಐದಾರು ಕುದುರೆ ಬದಲಿಸುತ್ತ 1246ರ ಜುಲೈಯಲ್ಲಿ ಖಾನನ ಶಿಬಿರ ಮುಟ್ಟಿದರು. ಚೆಂಗೀಸನ ಮೊಮ್ಮಗ ಗುಯುಕ್‌ನ ಪಟ್ಟಾಭಿಷೇಕವನ್ನು ಕಣ್ಣಾರೆ ಕಂಡರು. ಹಿಂದಿರುಗುವಾಗ ತನ್ನ ದೂತರನ್ನು ಜೊತೆಗೆ ಕಳುಹಿಸಲು ಖಾನ್ ಮುಂದಾದರೆ ಕಾರ್ಪಿನಿಯವರು ಉತ್ಸಾಹ ತೋರಲಿಲ್ಲ. ಕ್ರೈಸ್ತ ಅರಸರು ತಮ್ಮತಮ್ಮೊಳಗೆ ಕಚ್ಚಾಡುವುದನ್ನು ಕಂಡರೆ ಇವರಿಗೆ ಮತ್ತೆ ದಂಡೆತ್ತಿ ಬರುವ ಧೈರ್ಯ ಬಂದೀತು ಎಂಬುದೇ ಅವರ ಮೊದಲ ಅಂಜಿಕೆ. ಎಷ್ಟು ಪ್ರಾಮಾಣಿಕ ಮಾತು!

ಗುಯುಕ್ ಕೊಟ್ಟ ಉತ್ತರ ಪಾರಸಿ ಭಾಷೆಯಲ್ಲಿದೆ. ಕೆಂಪು ಮುದ್ರೆಯೊತ್ತಿದ ಆ ಪತ್ರ ಇಂದೂ ವ್ಯಾಟಿಕನ್ನಿನ ಪತ್ರಾಗಾರದಲ್ಲಿದೆ. ಅದರ ತಾತ್ಪರ್ಯ ಹೀಗೆ. ನೀವೂ ನಿಮ್ಮ ಅರಸರೂ ಖುದ್ದಾಗಿ ಬಂದು ನಮಗೆ ಅಡ್ಡಬೀಳಿ. ಹಂಗೇರಿಯವರನ್ನು ಯಾಕೆ ಕೊಂದಿರೆಂದು ಕೇಳುತ್ತೀರಿ. ಅವರು ದೇವರ ಆಜ್ಞೆಯನ್ನು ಮೀರಿದರು, ದೇವರೇ ಅವರನ್ನು ಕೊಂದರು. ಸೂರ್ಯ ಮೂಡುವಲ್ಲಿಂದ ಮುಳುಗುವವರೆಗಿನ ನೆಲವೆಲ್ಲ ನಮ್ಮ ಕೈವಶವಾಗಿದೆ. ದೇವರ ಇಚ್ಛೆಯಿಲ್ಲದೆ ಇದು ಯಾರಿಂದಾದೀತು? ದೇವರು ಯಾರನ್ನು ಕ್ಷಮಿಸುತ್ತಾರೆ, ಯಾರಿಗೆ ದಯೆ ತೋರುತ್ತಾರೆ ಎಂಬುದು ನಿಮಗೆ ಹೇಗೆ ಗೊತ್ತು?

ಪ್ರಿಯರೇ, ಈ ಪ್ರಶ್ನೆಯನ್ನು ಒರಟನ ಮಾತೆಂದು ತಳ್ಳಿಹಾಕಬೇಡಿ. ದಮಿಯತ್ತಾದಲ್ಲಿ ನಮ್ಮವರು ನಂಬಿದ್ದೂ ಇದನ್ನೇ ಅಲ್ಲವೇ? ಗೆದ್ದವನ ಹಿಂದೆ ದೇವರ ಕೈಯಿದೆ, ಸತ್ತವರು ಸಾಯತಕ್ಕವರೇ. ಬುಖಾರಾದ ಜನರ ಮುಂದೆ ಚೆಂಗೀಸ್ ಖಾನ್ ತನ್ನನ್ನೇ ದೇವರ ದಂಡನೆಯೆಂದು ಕರೆದುಕೊಂಡನೆಂದು ಜುವೈನಿ ಬರೆಯುತ್ತಾನೆ. ಪವಿತ್ರ ಗ್ರಂಥ ಈ ಮಾತನ್ನು ಬಲ್ಲದು. ಪ್ರವಾದಿ ಯೆಶಾಯನ 10ನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿ. ಅಸ್ಸೀರಿಯವನ್ನು ದೇವರ ಕೋಪದ ಬೆತ್ತವೆಂದು ಅಲ್ಲಿ ಕರೆದಿದೆ. ಆದರೆ ತನ್ನ ತೋಳ್ಬಲದಿಂದಲೇ ಗೆದ್ದೆನೆಂದು ಬೀಗಿದ ಅದೇ ಅಸ್ಸೀರಿಯಕ್ಕೆ ಅದೇ ಅಧ್ಯಾಯದಲ್ಲಿ ನ್ಯಾಯತೀರ್ಪೂ ಇದೆ. ಪ್ರವಾದಿ ಹಬಕ್ಕೂಕನಂತೂ ತನಗಿಂತ ನೀತಿವಂತನನ್ನು ದುಷ್ಟನು ನುಂಗುವಾಗ ಯಾಕೆ ಸುಮ್ಮನಿದ್ದೀರೆಂದು ದೇವರೊಡನೆಯೇ ವಾದಕ್ಕೆ ನಿಲ್ಲುತ್ತಾನೆ. ಇನ್ನು ಪ್ರಭು ಯೇಸುವಿನ ಮಾತು ಸಂತ ಲೂಕನ 13ನೆಯ ಅಧ್ಯಾಯದಲ್ಲಿದೆ. ಪಿಲಾತನು ಕೊಲ್ಲಿಸಿದ ಗಲಿಲೇಯದವರ ಸುದ್ದಿ ಹೊತ್ತು ಕೆಲವರು ಬಂದಾಗ ಪ್ರಭು ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿಯನ್ನೂ ನೆನೆದರು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬುದನ್ನು ಅವರು ಒಪ್ಪಲಿಲ್ಲ. ಪರಿತಪಿಸುವ ಕೆಲಸ ಕೇಳುತ್ತಿರುವವರದು ಎಂದರು. ಗುಯುಕ್‌ನ ಪತ್ರಕ್ಕೆ ಇದಕ್ಕಿಂತ ನೇರ ಉತ್ತರವನ್ನು ನಾನು ಕಾಣೆ.

ಆದರೂ ನಮ್ಮವರು ಪಾಠ ಕಲಿಯಲಿಲ್ಲ. ಮಂಗೋಲರ ಅರಮನೆಯಲ್ಲಿ ಕ್ರೈಸ್ತ ಸ್ತ್ರೀಯರಿದ್ದರು. ಚೆಂಗೀಸನು ಸೋಲಿಸಿದ ಕೆರೈತ್ ಕುಲದವರು ಪೂರ್ವದ ಸಿರಿಯಕ್ ಧರ್ಮಸಭೆಗೆ ಸೇರಿದ ಕ್ರೈಸ್ತರು. ಆ ಕುಲದ ಸೊರ್ಗಗ್ತಾನಿ ಅವನ ಕಿರಿಯ ಸೊಸೆಯಾಗಿ ಬಂದಳು. ಮೆರ್ವ್ ನಗರವನ್ನು ಅಳಿಸಿದ ತೊಲುಯ್‌ನೇ ಅವಳ ಗಂಡ. ಬೇಗ ವಿಧವೆಯಾದರೂ ನಾಲ್ವರು ಗಂಡುಮಕ್ಕಳನ್ನು ಬೆಳೆಸಿದಳು. ಮೊಂಕೆ ಮತ್ತು ಕುಬ್ಲಾಯ್ ಮಹಾಖಾನರಾದರು, ಹುಲಾಗು ಪಾರಸಿ ಸೀಮೆಯನ್ನಾಳಿದ. ಹುಲಾಗುವಿನ ಹೆಂಡತಿ ದೊಕುಜ್ ಖಾತೂನಳೂ ಕ್ರೈಸ್ತಳೇ. 1258ರಲ್ಲಿ ಹುಲಾಗು ಬಾಗ್ದಾದನ್ನು ಸುಟ್ಟು, ಖಲೀಫನನ್ನು ಕೊಂದು, ದಿನಗಟ್ಟಲೆ ಕೊಲೆ ನಡೆಸಿದಾಗ ದೇವಾಲಯದಲ್ಲಿ ಅಡಗಿದ್ದ ಕ್ರೈಸ್ತರಿಗೆ ಏನೂ ಆಗಲಿಲ್ಲ. ಖಲೀಫನ ಅರಮನೆಗಳಲ್ಲೊಂದು ಪಿತೃಪ್ರಧಾನರಿಗೆ ನಿವಾಸವಾಯಿತು. ಜೀವ ಉಳಿದದ್ದಕ್ಕೆ ಸಂತೋಷಪಟ್ಟವರನ್ನು ನಾವು ದೂರಲಾರೆವು. ಆದರೆ 1260ರಲ್ಲಿ ದಮಸ್ಕ ನಗರ ಬಿದ್ದಾಗ ಅಲ್ಲಿಯ ಕ್ರೈಸ್ತರು ಶಿಲುಬೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡಿ, ಮುಸ್ಲಿಮ್ ಅಂಗಡಿಕಾರರನ್ನು ಎದ್ದು ನಿಲ್ಲಿಸಿದರೆಂದೂ, ಮಸೀದಿಯ ಬಾಗಿಲಲ್ಲಿ ದ್ರಾಕ್ಷಾರಸ ಚೆಲ್ಲಿದರೆಂದೂ ಮುಸ್ಲಿಮ್ ಇತಿಹಾಸಕಾರರು ಬರೆದಿದ್ದಾರೆ. ಆರೇ ತಿಂಗಳು. ಸೆಪ್ಟೆಂಬರ್ 3ರಂದು ಐನ್ ಜಾಲೂತ್ ಎಂಬಲ್ಲಿ ಈಜಿಪ್ಟಿನ ಸೈನ್ಯ ಮಂಗೋಲರನ್ನು ಸೋಲಿಸಿತು. ದಮಸ್ಕದ ಕ್ರೈಸ್ತರ ಮನೆಗಳು ಲೂಟಿಯಾದವು, ಮಾತೆ ಮರಿಯಮ್ಮನವರ ದೇವಾಲಯ ಸುಟ್ಟುಹೋಯಿತು. 1295ರಲ್ಲಿ ಹುಲಾಗುವಿನ ಮರಿಮಗ ಗಾಜಾನ್ ಮುಸ್ಲಿಮನಾಗಿ ಪಟ್ಟವೇರಿದ. ದೇವಾಲಯಗಳನ್ನು ಕೆಡವಿದರು, ಪಿತೃಪ್ರಧಾನ ಮಾರ್ ಯಾಬಲ್ಲಾಹರನ್ನು ಹಿಡಿದು ಹಿಂಸಿಸಿದರು. ನೆರೆಯವನ ಮನೆ ಉರಿಯುವಾಗ ಕುಣಿದವರ ನೆನಪು ಆ ಕೇರಿಯಲ್ಲಿ ಬೇಗ ಅಳಿಯಲಿಲ್ಲ. ಮುಂದೆ ತೈಮೂರನ ದಂಡಯಾತ್ರೆಗಳ ಬಳಿಕ ಚೀನಾದವರೆಗೂ ಹರಡಿದ್ದ ಆ ಪ್ರಾಚೀನ ಧರ್ಮಸಭೆ ಕೆಲವು ಬೆಟ್ಟಸೀಮೆಗಳಿಗೂ ನಮ್ಮ ಮಲಬಾರಿಗೂ ಕುಗ್ಗಿತು.

ಮಂಗೋಲರ ದಾರಿಗಳಿಂದ ಒಳ್ಳೆಯದೂ ನಡೆಯಿತು, ಅದನ್ನು ಮರೆಮಾಚಲಾಗದು. 1254ರಲ್ಲಿ ರಾಜಧಾನಿ ಕಾರಕೋರಮ್ಮಿಗೆ ಹೋದ ಫ್ರಾನ್ಸಿಸ್ಕನ್ ಸಹೋದರ ರುಬ್ರುಕ್‌ನ ವಿಲಿಯಂ ಅಲ್ಲಿ ಮೆಟ್ಸ್ ಊರಿನ ಪಾಕೆತ್ ಎಂಬ ಹೆಂಗಸನ್ನು ಕಂಡರು. ಹಂಗೇರಿಯಲ್ಲಿ ಸೆರೆಸಿಕ್ಕಿ ಅಷ್ಟು ದೂರ ಬಂದವಳು. ಸಾಕಷ್ಟು ಕಷ್ಟಪಟ್ಟ ಮೇಲೆ ಮನೆ ಕಟ್ಟುವ ಕೆಲಸ ಬಲ್ಲ ರಷ್ಯದವನೊಬ್ಬನನ್ನು ಮದುವೆಯಾಗಿ ಮೂವರು ಗಂಡುಮಕ್ಕಳ ತಾಯಿಯಾಗಿದ್ದಳು. ಇದ್ದುದರಲ್ಲೇ ಅವರಿಗೆ ಔತಣ ಮಾಡಿ ಬಡಿಸಿದಳು. ಬೆಳ್ಳಿಯ ಮರದಂಥ ಕಾರಂಜಿ ಮಾಡಿ ಖಾನನನ್ನು ಬೆರಗುಗೊಳಿಸಿದ ಪ್ಯಾರಿಸ್ಸಿನ ಅಕ್ಕಸಾಲಿಗನೂ ಸೆರೆಯಾಳೇ. ಮಂಗೋಲರು 'ಪೂರ್ವ ಪಶ್ಚಿಮಗಳನ್ನು ಬೆಸೆದರು' ಎಂದು ಪುಸ್ತಕಗಳಲ್ಲಿ ಓದುವಾಗ ನನಗೆ ಈ ಹೆಂಗಸಿನ ನೆನಪಾಗುತ್ತದೆ. 2003ರಲ್ಲಿ ಒಂದು ಸಂಶೋಧನೆ, ಏಷ್ಯಾದ ವಿಶಾಲ ಭಾಗದ ಗಂಡಸರಲ್ಲಿ ಸುಮಾರು ಶೇ. 8ರಷ್ಟು ಮಂದಿ ಚೆಂಗೀಸನ ವಂಶದವರಿರಬಹುದೆಂದಿತು. ಬಳಿಕ ಅದರ ಬಗ್ಗೆ ಅನುಮಾನಗಳೆದ್ದಿವೆ. ಪತ್ರಿಕೆಗಳು ಅದನ್ನು ಒಂದು ಪೌರುಷದ ಸಂಗತಿಯಂತೆ ಬರೆದವು. ಯಾರೂ ಆ ತಾಯಂದಿರನ್ನು ಲೆಕ್ಕ ಹಾಕಲಿಲ್ಲ.

ಮೊಂತೆಕೊರ್ವಿನೊದ ಜಾನ್ ಎಂಬ ಫ್ರಾನ್ಸಿಸ್ಕನ್ ಸಹೋದರರು ಕುಬ್ಲಾಯ್ ಖಾನನಿಗೆ ಜಗದ್ಗುರುಗಳ ಪತ್ರ ಹೊತ್ತು ಹೊರಟಾಗ ಚೆಂಗೀಸನ ವಂಶಜರೇ ಪರಸ್ಪರ ಕಾದಾಡುತ್ತಿದ್ದುದರಿಂದ ಭೂಮಾರ್ಗ ಸುರಕ್ಷಿತವಿರಲಿಲ್ಲ. ಆದ್ದರಿಂದ 1291ರಲ್ಲಿ ಭಾರತದ ಕಡೆಯಿಂದ ಬಂದರು. ಪ್ರೇಷಿತ ತೋಮರ ದೇವಾಲಯವಿರುವ ಸೀಮೆಯಲ್ಲಿ 13 ತಿಂಗಳಿದ್ದು ಸುಮಾರು ನೂರು ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ಜೊತೆಗಾರರಾದ ಪಿಸ್ತೋಯಾದ ನಿಕೊಲಾಸ್ ಇಲ್ಲೇ ತೀರಿಕೊಂಡು ಆ ದೇವಾಲಯದಲ್ಲೇ ಮಣ್ಣಾದರು. ಅದು ಮದ್ರಾಸಿನ ಮೈಲಾಪುರವೆಂದು ವಿದ್ವಾಂಸರ ಮತ. ವೇಳಾಂಗಣ್ಣಿ ಯಾತ್ರೆಗೆ ಹೋಗುವ ನಮ್ಮವರಲ್ಲಿ ಅನೇಕರು ಆ ಸ್ಯಾಂಥೋಮ್ ದೇವಾಲಯದಲ್ಲಿ ಇಳಿದು ಪ್ರಾರ್ಥಿಸಿ ಮುಂದೆ ಹೋಗುತ್ತಾರೆ. ಜಾನ್ ಮುಂದೆ ಇಂದಿನ ಬೀಜಿಂಗ್ ಸೇರಿ, ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಅಲ್ಲಿ ಆಳುತ್ತಿದ್ದ ಜನರ ಭಾಷೆಗೆ ತಿರುಗಿಸಿ, ಅಲ್ಲಿಯ ಮೊದಲ ಮಹಾಧರ್ಮಾಧ್ಯಕ್ಷರಾದರು.

ಅದೇ ವ್ಯಾಪಾರದ ದಾರಿಯಲ್ಲಿ ಇನ್ನೊಂದೂ ಸಾಗಿತು. ಇಂದಿನ ಕಿರ್ಗಿಸ್ತಾನದ ಇಸಿಕ್ ಕುಲ್ ಸರೋವರದ ಬಳಿ ಹಳೆಯ ಕ್ರೈಸ್ತ ಸ್ಮಶಾನಗಳಿವೆ. 1338 ಮತ್ತು 1339ರ ಸಮಾಧಿಕಲ್ಲುಗಳು ಲೆಕ್ಕಕ್ಕಿಂತ ಹೆಚ್ಚು. ಹಲವುಗಳ ಮೇಲೆ ಸಿರಿಯಕ್ ಲಿಪಿಯಲ್ಲಿ ಸಾವಿಗೆ ಕಾರಣ ಸಾಂಕ್ರಾಮಿಕವೆಂದು ಕೆತ್ತಿದ್ದಾರೆ. 2022ರಲ್ಲಿ ವಿಜ್ಞಾನಿಗಳು ಅಲ್ಲಿಯ ಹಲ್ಲುಗಳನ್ನು ಪರೀಕ್ಷಿಸಿ ಪ್ಲೇಗಿನ ರೋಗಾಣು ಇದ್ದುದನ್ನು ಕಂಡುಹಿಡಿದರು. ಹತ್ತು ವರ್ಷಗಳೊಳಗೆ ಯೂರೋಪಿನಲ್ಲಿ ಅದೇ ಮಹಾಮಾರಿ ಮೂರರಲ್ಲೊಬ್ಬರನ್ನಾದರೂ ಕೊಂಡೊಯ್ದಿತು.

ಮಂಗೋಲಿಯದಲ್ಲಿ ಕಮ್ಯುನಿಸ್ಟ್ ಆಳ್ವಿಕೆಯ ಕಾಲದಲ್ಲಿ ಚೆಂಗೀಸನ ಹೆಸರನ್ನು ಹೊಗಳುವಂತಿರಲಿಲ್ಲ. 1962ರಲ್ಲಿ ಅವನ 800ನೆಯ ಜನ್ಮೋತ್ಸವಕ್ಕೆ ಕೈಹಾಕಿದ ಹಿರಿಯ ನಾಯಕನೊಬ್ಬ ಪದವಿಯನ್ನೇ ಕಳೆದುಕೊಂಡ. ಆ ಆಳ್ವಿಕೆ ಕಳೆದ ಮೇಲೆ ಒಂದು ಕಡೆ ಅವನ ಪ್ರತಿಮೆಗಳೆದ್ದವು. ಇನ್ನೊಂದು ಕಡೆ 1992ರಲ್ಲಿ ಮೂವರು ಕಥೋಲಿಕ ಗುರುಗಳು ಬಂದಿಳಿದರು. 2023ರ ಸೆಪ್ಟೆಂಬರ್ 2ರಂದು ಜಗದ್ಗುರು ಫ್ರಾನ್ಸಿಸರು ಉಲಾನ್‌ಬಾತರ್‌ನಲ್ಲಿ ಆ ದೇಶದ ಅಧ್ಯಕ್ಷರಿಗೆ ಗುಯುಕ್‌ನ ಅದೇ ಪತ್ರದ ಅಧಿಕೃತ ಪ್ರತಿಯೊಂದನ್ನು ಉಡುಗೊರೆಯಾಗಿ ಕೊಟ್ಟರು. ಆಗ ಅಲ್ಲಿದ್ದ ಕಥೋಲಿಕರು ಸುಮಾರು 1,450 ಮಂದಿ, ಎಂದರೆ ನಮ್ಮ ಮಧ್ಯಮ ಗಾತ್ರದ ಒಂದು ಧರ್ಮಕೇಂದ್ರದಷ್ಟು ಜನ. ಅವರ ಪ್ರಧಾನಾಲಯದ ಹೆಸರು ಸಂತ ಪೇತ್ರ ಮತ್ತು ಸಂತ ಪೌಲರದು. ಅದನ್ನು ಕಟ್ಟಿರುವುದು ಅಲ್ಲಿಯ ಕುರಿಗಾಹಿಗಳು ವಾಸಿಸುವ ದುಂಡನೆಯ ಗುಡಾರದ ಆಕಾರದಲ್ಲಿ.